ಕಾಗವಾಡದ ಮಡ್ಡಿಯ ಚಿಗರಿಗಳು

ಪಶುವೈದ್ಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, "ಸರ್, ನಿಮ್ಮ ಅನುಭವ ಹೇಳ್ರಿ" ಅನ್ನುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡುವಷ್ಟರಲ್ಲಿ, ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ ಎಂದು ಕೇಳುತ್ತಾರೆ. ಅದು ನನಗೆ ಗೊತ್ತಿಲ್ಲಪ್ಪ. ಗೊತ್ತಿದ್ದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಹಾಸಿಗೆ ಸುತ್ತಿಕೊಂಡು ನಾನೇಕೆ ತಿರುಗುತ್ತಿದ್ದೆ? ಬಡ್ತಿ ಯಾವಾಗ ಬಂತು, ಯಾರು ಅಡ್ಡ ಬಂದರು ಎಂಬ ಪುರಾಣವೂ ನನ್ನ ಹತ್ತಿರ ಇಲ್ಲ. ಇರುವುದು ಕೆಲವು ಪ್ರಾಣಿಗಳ ನೆನಪು, ಕೆಲವು ಮನುಷ್ಯರ ನೆನಪು.

ಮೊದಲು ಒಂದು ಮಾತು ತಿಳಿದುಕೊಳ್ಳಿ. ನಮ್ಮ ರೋಗಿ ಮಾತಾಡುವುದಿಲ್ಲ. ಮಾತಾಡುವವನು ಮಾಲೀಕ, ಅವನು ಸುಳ್ಳು ಹೇಳುತ್ತಾನೆ. ನಿಪ್ಪಾಣಿಯ ತಂಬಾಕಿನ ರೈತನೊಬ್ಬ ಎಲುಬು ಗೂಡಾದ ಎತ್ತನ್ನು ಹಿಡಿದುಕೊಂಡು ಬಂದು, "ನಿನ್ನಿತನಾ ಗುಂಡಕಲ್ಲ ಇದ್ದಂಗ ಇತ್ರಿ ಸಾಹೇಬ್ರ, ಯಾರದೋ ಕಣ್ಣ ಬಿತ್ತು" ಅಂದಿದ್ದ. ಒಂದೇ ದಿನದಲ್ಲಿ ಎತ್ತು ಹಾಗಾಗಬೇಕಾದರೆ ಕಣ್ಣು ಬಿದ್ದರೆ ಸಾಲದು, ಬೆಟ್ಟವೇ ಬೀಳಬೇಕು. ಅದಕ್ಕೇ ಹೇಳುತ್ತೇನೆ, ಕಿವಿಗಿಂತ ಬೆರಳನ್ನು ನಂಬಿ.

ಬೆರಳನ್ನು ನಂಬುವುದನ್ನು ನನಗೆ ಕಲಿಸಿದವರು ಚಿಕ್ಕೋಡಿಯಲ್ಲಿದ್ದ ನಮ್ಮ ಮೇಲಧಿಕಾರಿ. ಎಲ್ಲರೂ ಅವರನ್ನು ದೊಡ್ಡ ಸಾಹೇಬರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ದನಿ ಕೇಳಿದರೆ ದವಾಖಾನೆಯ ಹಿತ್ತಲಿನ ಕೋಳಿಗಳು ಹಾರಿ ಹೋಗುತ್ತಿದ್ದವು. ನಾನು ಹೊಸಬನಿದ್ದಾಗ ಏಕಸಂಬಿಯಲ್ಲಿ ಒಂದು ಎಮ್ಮೆಯ ದವಡೆ ಕೆಳಗೆ ಚೀಲ ಕಟ್ಟಿದ ಹಾಗೆ ಬಾತಿತ್ತು. ಗಂಟಲ ಬೇನೆ ಎಂದು ನಿರ್ಧರಿಸಿ ಸೂಜಿ ತುಂಬಿಕೊಂಡು ನಿಂತಿದ್ದೆ. ತಪಾಸಣೆಗೆ ಬಂದಿದ್ದ ಸಾಹೇಬರು ಹಿಂದಿನಿಂದ ಬಂದು, "ಏ ಮಾರಾಯಾ, ಮೊದಲ ಒತ್ತಿ ನೋಡೋ!" ಎಂದು ಗದರಿದರು. ತಾವೇ ಬೆರಳಿಂದ ಬಾವನ್ನು ಒತ್ತಿ ಬಿಟ್ಟರು. ಬೆರಳು ತೆಗೆದರೂ ತಗ್ಗು ಹಾಗೇ ಉಳಿಯಿತು. "ಜ್ವರ ಐತೇನು? ಇಲ್ಲ. ನೋವೈತೇನು? ಇಲ್ಲ. ಇದು ಬ್ಯಾನಿ ಅಲ್ಲೋ, ನೀರು. ಲಿವರಿನ್ಯಾಗ ಹುಳ ಕುಂತು ರಕ್ತಾ ನೀರ ಮಾಡ್ಯಾವ." ಸಗಣಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಂಗಾರದ ಬಣ್ಣದ ತತ್ತಿಗಳು ಬೇಕಾದಷ್ಟು. ಎಮ್ಮೆ ಸರಿಯಾದ ಔಷಧಿ ಕುಡಿದು ಬದುಕಿತು. ಮನೆಯವರು ನನಗೆ ಕೈಮುಗಿದರು, ಸಾಹೇಬರು ಮೀಸೆಯಲ್ಲೇ ನಗುತ್ತಾ ಜೀಪು ಹತ್ತಿದರು.

ಆ ಹುಳದ ವಿಷಯ ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ಅದರ ಬದುಕು ಎಷ್ಟು ದೊಡ್ಡ ಸೋಜಿಗ ಎಂಬುದು ತಲೆಗೆ ಹತ್ತಿದ್ದು ಕಾಗವಾಡಕ್ಕೆ ಬಂದ ಮೇಲೆ, ಎಂಬತ್ತರ ದಶಕ ಮುಗಿಯುತ್ತ ಬಂದಾಗ. ನಾನು ಹೇಳಬೇಕೆಂದಿರುವುದು ಅದನ್ನೇ.

ಕಾಗವಾಡದ ದವಾಖಾನೆಯಲ್ಲಿ ನನ್ನ ಜೊತೆಗಿದ್ದವನು ಕಾಂಪೌಂಡರ್ ಮಲಿಕ್, ಕುಡಚಿಯವನು. ಅವನ ಬಾಯಿಗೆ ಬೀಗವೇ ಇರಲಿಲ್ಲ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಎತ್ತನ್ನು ಬೈಯುತ್ತಿದ್ದ, ಮೂರರಲ್ಲೂ ಮುದ್ದು ಮಾಡುತ್ತಿದ್ದ. ಊರಿನ ಹೊರಗೆ ಒಂದು ಮಡ್ಡಿ ಇತ್ತು, ಉಳುಮೆಗೆ ಬಾರದ ಕಲ್ಲು ದಿನ್ನೆ. ಒಂದು ಕಡೆ ಹೊಸ ಪ್ಲಾಟುಗಳ ಕಲ್ಲು ನೆಟ್ಟಿದ್ದರು, ನಾಲ್ಕಾರು ಮನೆಗಳೂ ಎದ್ದಿದ್ದವು. ಇನ್ನೊಂದು ಕಡೆ ಉಗಾರದ ಕಾರ್ಖಾನೆಗೆ ಕಬ್ಬು ಒಯ್ಯುವ ರಸ್ತೆ. ನಡುವೆ ಉಳಿದ ಒಣಹುಲ್ಲಿನ ಬಯಲಲ್ಲಿ ಒಂದು ಚಿಗರಿ ಹಿಂಡು. ನೀವು ಜಿಂಕೆ ಅನ್ನಿ, ಕೃಷ್ಣಮೃಗ ಅನ್ನಿ, ನಮ್ಮ ಕಡೆ ಚಿಗರಿ ಅಂದರೇನೇ ಅದಕ್ಕೆ ಜೀವ ಬರುವುದು. ಮನೆಗಳ ಹಿತ್ತಲ ತನಕ ಬಂದು ಮೇಯುತ್ತಿದ್ದವು. ಅಂಗಳದಲ್ಲಿ ಒಣಹಾಕಿದ ಸೀರೆ ಹಾರಿದರೆ ಎಲ್ಲವೂ ಒಮ್ಮೆಲೇ ನೆಗೆದು ಓಡುತ್ತಿದ್ದವು.

ಒಂದು ಬೆಳಿಗ್ಗೆ ಅಣ್ಣಾಸಾಬ ಫಟಫಟಿಯ ಮೇಲೆ ಬಂದ. ಮಡ್ಡಿಗೆ ಹತ್ತಿದ ದ್ರಾಕ್ಷಿ ತೋಟ, ಕಬ್ಬಿನ ಗದ್ದೆ ಅವನವು. ಜೈನರ ಹಳೆಯ ಮನೆತನ.

"ಡಾಕ್ಟ್ರ, ಆಯಿ ಕರದಾಳ. ಚಿಗರಿ ಸತ್ತ ಬಿದ್ದೈತಿ."

ಆಯಿ ಅಂದರೆ ಅವನ ತಾಯಿ ಪದ್ಮಾವತಿಬಾಯಿ. ಮೊಮ್ಮಕ್ಕಳು ಕರೆದಂತೆ ಊರೆಲ್ಲ ಆಕೆಯನ್ನು ಆಯಿ ಅಂತಲೇ ಕರೆಯುತ್ತಿತ್ತು. ಅರಣ್ಯ ಇಲಾಖೆಯ ಪ್ರಾಣಿ, ಅವರ ಗಾರ್ಡ್ ಬಂದ ಮೇಲೇ ನಾನು ಮುಟ್ಟಬೇಕು, ಮೊದಲು ಅವರಿಂದ ಒಂದು ಕಾಗದ ಬರಲಿ ಎಂದು ಹೇಳಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಆಯಿಯೇ ನಡೆದು ಬಂದರು. ತೆಳ್ಳಗಿನ ಜೀವ, ಬಿಳಿ ನೂಲಿನ ಸೀರೆ, ನಾಲಿಗೆ ಮಾತ್ರ ಕುಡುಗೋಲು.

"ಏನ್ರಿ ಡಾಕ್ಟ್ರ, ಎತ್ತ ಅಂದ್ರ ಓಡಿ ಬರ್ತೀರಿ, ಚಿಗರಿ ಅಂದ್ರ ಕಾಗದ ಕೇಳ್ತೀರಿ? ಇದು ಮೂರನೇದು ಸತ್ತಿದ್ದು. ಉಳದಾವು ಸತ್ತ ಮ್ಯಾಲೆ ಕಾಗದ ತುಗೊಂಡ ಏನ ಮಾಡ್ತೀರಿ, ಗೋಡಿಗೆ ಹಚ್ಚತೀರೇನು?"

ಗಾರ್ಡ್‌ನನ್ನು ಮಲಿಕ್ ಹೇಗೋ ಹಿಡಿದು ತಂದ. ಸತ್ತದ್ದು ಒಂದು ಹೆಣ್ಣು. ದವಡೆ ಕೆಳಗೆ ಚೀಲ. ಒತ್ತಿದೆ, ತಗ್ಗು ಉಳಿಯಿತು. ಏಕಸಂಬಿಯ ಎಮ್ಮೆ ಕಣ್ಣ ಮುಂದೆ ಬಂತು. ಹೊಟ್ಟೆ ಕೊಯ್ದು ಲಿವರ್ ತೆಗೆದರೆ ಕಲ್ಲಿನಂತೆ ಗಟ್ಟಿ, ಒಳಗಿನ ಪಿತ್ತದ ನಾಳಗಳು ಬೆಳ್ಳಗಾಗಿ ಉಬ್ಬಿದ್ದವು. ಚೂರಿ ಹಾಕಿದಾಗ ಮರಳು ಕೊಯ್ದ ಹಾಗೆ ಕರಕರ ಸದ್ದು. ಕೊಯ್ದ ನಾಳದಿಂದ ಎಲೆಯಾಕಾರದ ಚಪ್ಪಟೆ ಹುಳುಗಳು ಒಂದರ ಹಿಂದೆ ಒಂದು ಜಾರಿ ಬಂದು ನನ್ನ ಅಂಗೈಮೇಲೆ ಮೆಲ್ಲಗೆ ಮುದುಡಿಕೊಂಡವು. ಮಲಿಕ್ "ಯಾ ಅಲ್ಲಾ" ಅಂದ. ಗಾಳಿಯಂತೆ ಓಡುವ ಪ್ರಾಣಿಯ ಒಳಗೆ ಇಷ್ಟು ಜನ ಸಂಸಾರ ಹೂಡಿದ್ದರು. ನನಗೆ ಅಸಹ್ಯಕ್ಕಿಂತ ಬೆರಗೇ ಹೆಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ತಲೆ ಕೆಟ್ಟಿತು. ಈ ಹುಳದ ರೋಗ ನೀರಿನ ರೋಗ. ಹುಳದ ತತ್ತಿ ಸಗಣಿಯಲ್ಲಿ ಹೊರಬರಬೇಕು, ನೀರಿಗೆ ಬೀಳಬೇಕು, ಒಡೆದು ಹೊರಬಂದ ಮರಿ ಒಂದು ಜಾತಿಯ ಸಣ್ಣ ಬಸವನಹುಳುವನ್ನು ಹುಡುಕಿ ಅದರ ಮೈಯೊಳಗೆ ನುಗ್ಗಬೇಕು. ಅಲ್ಲಿ ಒಂದು ನೂರಾರಾಗಿ, ಬಾಲ ಬೆಳೆಸಿಕೊಂಡು ಮತ್ತೆ ನೀರಿಗೆ ಬರುತ್ತವೆ. ನೀರಂಚಿನ ಹುಲ್ಲಿಗೆ ಅಂಟಿ, ಬಾಲ ಕಳಚಿ, ಸುತ್ತ ಗೂಡು ಕಟ್ಟಿಕೊಂಡು ಕಾಯುತ್ತ ಕೂಡುತ್ತವೆ. ಆ ಹುಲ್ಲನ್ನು ಮೆಲ್ಲುವ ಬಾಯಿ ಬಂದರೆ ಒಳಗೆ ಹೋಗಿ, ಕರುಳು ಕೊರೆದು, ಹೊಟ್ಟೆಯ ಕತ್ತಲಲ್ಲಿ ದಾರಿ ಕೇಳದೆ ಲಿವರಿಗೇ ಹೋಗಿ ಮುಟ್ಟುತ್ತವೆ. ಬಾಯಿ ಬಾರದಿದ್ದರೆ ಅಲ್ಲೇ ಮುಗಿಯಿತು. ಇಷ್ಟು ಬಾಗಿಲು ದಾಟಿ ಒಂದು ಹುಳ ಬದುಕುತ್ತದೆ ಅಂದರೆ ಅದನ್ನು ಕಟ್ಟಿದವನಿಗೆ ಕೈಮುಗಿಯಬೇಕೋ ಬೈಯಬೇಕೋ ತಿಳಿಯುವುದಿಲ್ಲ. ಇರಲಿ, ತತ್ತಿ ಎಲ್ಲಿಂದ ಬಂತು ಎಂಬುದು ಸುಲಭ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಹೋಗುವ ಗಾಡಿಗಳು ಮಡ್ಡಿಯ ಅಂಚಿಗೆ ಎತ್ತು ಬಿಚ್ಚಿ ತಂಗುತ್ತಿದ್ದವು, ಆ ಎತ್ತುಗಳ ಸಗಣಿ ಅಲ್ಲೆಲ್ಲ ಬಿದ್ದಿರುತ್ತಿತ್ತು. ಆದರೆ ಕಲ್ಲುಗರಸಿನ ಆ ಒಣ ಮಡ್ಡಿಗೆ ನೀರಿನ ಬಸವನಹುಳು ಎಲ್ಲಿಂದ ಬಂದಾವು?

ಮಡ್ಡಿಯ ನಡುವೆ ಒಂದು ಕಲ್ಲಿನ ದೋಣಿ ಇತ್ತು, ಚಿಗರಿಗಳಿಗೆ ನೀರು ಕುಡಿಯಲು ಆಯಿಯ ಮಾವ ಇಡಿಸಿದ್ದು. ಮೊದಲು ಅವರ ಹಳೆ ಬಾವಿಯಿಂದ ಹೊರುತ್ತಿದ್ದರು. ಏತ ನೀರಾವರಿಯ ಕಾಲುವೆ ಬಂದ ಮೇಲೆ ಬಾವಿಯನ್ನು ಯಾರೂ ಕೇಳಲಿಲ್ಲ, ಗಾಡಿಯ ಮೇಲೆ ಪೀಪಾಯಿ ಇಟ್ಟು ಕಾಲುವೆಯ ನೀರೇ ತರುತ್ತಿದ್ದರು. ದೋಣಿ ತುಂಬಿ ಚೆಲ್ಲಿದ ನೀರು ಪಕ್ಕದ ತೆಗ್ಗಿನಲ್ಲಿ ನಿಂತು, ಸುತ್ತ ಹಸಿರು ಹುಲ್ಲು ಎದ್ದಿತ್ತು. ಕೆಸರಿಗೆ ಕೈ ಹಾಕಿದೆ. ತೆಳು ಚಿಪ್ಪಿನ ಸಣ್ಣ ಬಸವನಹುಳುಗಳು ಬೊಗಸೆ ತುಂಬಾ ಬಂದವು.

ಮರುದಿನ ಚಿಗರಿಗಳನ್ನು ನೋಡಲೆಂದು ನಸುಕಿನಲ್ಲೇ ಹೋಗಿ ಜಾಲಿಯ ಮರೆಯಲ್ಲಿ ಕುಳಿತೆ. ಆಯಿ ಗಾಡಿಯ ಜೊತೆ ಬಂದರು. ದೋಣಿಯ ಬಾಯಿಗೆ ಎರಡು ಪದರಿನ ಬಟ್ಟೆ ಕಟ್ಟಿ ನೀರು ಸೋಸಿ ತುಂಬಿದರು. ಸೋಸದ ನೀರು ಅವರ ಮನೆಯಲ್ಲಿ ಮನುಷ್ಯರೂ ಕುಡಿಯುವುದಿಲ್ಲ, ದನವೂ ಕುಡಿಯುವುದಿಲ್ಲ. ನೀರಿನ ಜೊತೆ ಜೀವ ನುಂಗಬಾರದು ಎಂದು. ತುಂಬಿದ ಮೇಲೆ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿ, ಮಗುಚಿ, ಒಂದು ತಂಬಿಗೆ ಸೋಸಿದ ನೀರು ಮೇಲೆ ಸುರಿದು, ಅದರಲ್ಲಿ ಉಳಿದ ಜೀವಗಳನ್ನೆಲ್ಲ ಆ ತೆಗ್ಗಿಗೆ ಬಿಟ್ಟು ಕೈಮುಗಿದರು.

ಕಾಲುವೆಯ ಬಸವನಹುಳುವಿನ ಮರಿಗಳು ವರ್ಷಗಟ್ಟಲೆ ದಿನಾಲೂ ಆ ಬಟ್ಟೆಯಲ್ಲೇ ಮಡ್ಡಿಗೆ ಬಂದಿದ್ದವು.

"ಹೇಳಬ್ಯಾಡ್ರಿ ಸಾಹೇಬ್ರ," ಅಂದ ಮಲಿಕ್, ದವಾಖಾನೆಯಲ್ಲಿ. "ಆಯಿ ಉಣ್ಣೂದ ಬಿಡ್ತಾರ. ಪಕ್ಷಿ ಕಾಲಿಗೆ ಅಂಟಿ ಬಂದಾವು ಅಂತ ಹೇಳ್ರಿ. ಯಾ ಪಕ್ಷಿ ಬಂದು ಇಲ್ಲ ಅಂತೈತಿ?"

ಅವನ ಮಾತು ಕೇಳಬೇಕು ಅನಿಸಿತ್ತು, ನಿಜ. ಆದರೆ ಬಟ್ಟೆ ದಿನಾ ಮಗುಚುತ್ತಿರುವಾಗ ಪಕ್ಷಿಯ ಮೇಲೆ ಹೊರಿಸಿದರೆ ಚಿಗರಿ ಉಳಿಯುತ್ತಿದ್ದವೇ? ಹೋಗಿ ಹೇಳಿದೆ. ಹುಳದ ಬದುಕನ್ನೆಲ್ಲ ಅವರ ಪಡಸಾಲೆಯಲ್ಲಿ ಕುಳಿತು ಬಿಡಿಸಿ ಬಿಡಿಸಿ ಹೇಳಿದೆ. ಆಯಿ ಕಾಳು ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು.

"ಅಂದ್ರ, ನಾನ ತಂದ ಹಾಕಿದೆನೇನ್ರಿ?"

ನಾನು ಹೌದೆಂದು ತಲೆ ಆಡಿಸಿದೆ.

"ಸೋಸಿದ್ದನ್ನ ತಂದ ನೀರಿಗೇ ಒಯ್ದ ಬಿಡಬೇಕ್ರಿ. ಅದ ನಮ್ಮ ಪದ್ಧತಿ. ಕಾಲಿವಿ ದೂರ, ಗಾಡಿ ಮತ್ತ ಹೋಗೂದು ಮರುದಿನಾ. ಅಲ್ಲೀತನಾ ಅರಿಬ್ಯಾಗ ಒಣಗಿ ಸಾಯ್ತಾವಲ್ಲಾ ಅಂತ ಇಲ್ಲೇ ಬಿಟ್ಟೆ. ಬದಕಲಿ ಅಂತ ಬಿಟ್ಟೆ, ಡಾಕ್ಟ್ರ." ಅವರ ಕಣ್ಣಲ್ಲಿ ನೀರು ನಿಂತಿತು. ಒರೆಸಿಕೊಳ್ಳಲಿಲ್ಲ. ಅವತ್ತು ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಆಕೆ ಏಳಲಿಲ್ಲ ಎಂದು ಅಣ್ಣಾಸಾಬ ಆಮೇಲೆ ಹೇಳಿದ.

ದೊಡ್ಡ ಸಾಹೇಬರಿಗೆ ವರದಿ ಹೋಯಿತು. ಅವರು ಜೀಪಿನಲ್ಲಿ ಬಂದು ತೆಗ್ಗು ನೋಡಿ, "ಇದರಾಗ ಏನೈತಿ? ಮೈಲುತುತ್ತ ಹಾಕ್ರಿ, ಒಂದ ದಿನದಾಗ ಶಂಖದ ಹುಳ ಎಲ್ಲಾ ಖಲ್ಲಾಸ್" ಅಂದರು. ಬಸವನಹುಳುವಿಗೆ ನಮ್ಮ ಕಡೆ ಶಂಖದ ಹುಳ ಅನ್ನುತ್ತಾರೆ. ಪುಸ್ತಕದಲ್ಲೂ ಆಗ ಅದೇ ಮದ್ದು ಇತ್ತು. ಆಯಿ ತೆಗ್ಗಿನ ಅಂಚಿಗೆ ಬಂದು ಕುಳಿತುಬಿಟ್ಟರು.

"ಹಾಕ್ರಿ. ನಾ ಇಲ್ಲೇ ಕುಂದರ್ತೀನಿ. ನನ್ನ ಮ್ಯಾಲೇ ಹಾಕ್ರಿ."

"ಅಲ್ರಿ ಆಯಿ, ನಿಮಗ ಚಿಗರಿ ಬೇಕೋ ಶಂಖದ ಹುಳ ಬೇಕೋ?" ಸಾಹೇಬರ ದನಿ ಏರಿತು.

"ನನಗ ಎರಡೂ ಬೇಕ್ರಿ. ಚಿಗರಿಗೆ ನೀರ ಕುಡಸ್ತೀನಂತ ಮಾವಗ ಮಾತ ಕೊಟ್ಟೀನಿ. ಕೊಲ್ಲಂಗಿಲ್ಲಂತ ದೇವರಿಗೆ ಮಾತ ಕೊಟ್ಟೀನಿ. ಯಾವ ಮಾತ ಮುರೀಲಿ, ನೀವ ಹೇಳ್ರಿ."

ಚಿಕ್ಕೋಡಿಯಿಂದ ಅಥಣಿಯ ತನಕ ಯಾರಿಗೂ ಹೆದರದ ಮನುಷ್ಯ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಜೀಪು ಹತ್ತುವಾಗ ನನ್ನ ಕಿವಿಯಲ್ಲಿ, "ಹೆಂಗಾರ ಮಾಡಿ ಒಪ್ಪಸು. ತಡಾ ಮಾಡಿದ್ರ ಹಿಂಡ ಉಳಿಯಂಗಿಲ್ಲ" ಅಂದು ಹೋದರು.

ಅವರ ಮಾತು ಸುಳ್ಳಲ್ಲ. ಇನ್ನೊಂದು ಚಿಗರಿ ಪ್ಲಾಟಿನ ಕಲ್ಲಿನ ಹತ್ತಿರ ಕುಸಿದು ಸತ್ತಿತು. ಉಳಿದವುಗಳಲ್ಲೂ ಕೆಲವಕ್ಕೆ ದವಡೆ ಇಳಿಬಿದ್ದಿತ್ತು. ಸೀರೆ ಹಾರಿದರೂ ನೆಗೆಯದೆ ಸುಮ್ಮನೆ ತಲೆ ಎತ್ತಿ ನೋಡುತ್ತಿದ್ದವು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿಗಳು ಅವು.

ಮೊದಲ ಚಿಗರಿಯನ್ನು ಕೊಯ್ದ ದಿನವೇ ಪಿತ್ತವನ್ನು ಗಾಳಿಸಿ ತತ್ತಿಗಳನ್ನು ತೊಳೆದು ಒಂದು ಸೀಸೆಯ ನೀರಿನಲ್ಲಿ ಇಟ್ಟಿದ್ದೆ, ಬೆಳಕು ತಾಗದಂತೆ ಕರಿ ಕಾಗದ ಸುತ್ತಿ. ತತ್ತಿ ಹಣ್ಣಾಗಿದ್ದವು. ಆಯಿ ಈ ವೈರಿಯ ಮುಖ ಒಮ್ಮೆ ನೋಡಿದರೆ ಮನಸ್ಸು ಗಟ್ಟಿಯಾಗುತ್ತದೆ, ಮೈಲುತುತ್ತಕ್ಕೆ ಒಪ್ಪುತ್ತಾರೆ ಎಂದು ನನ್ನ ಲೆಕ್ಕಾಚಾರ. ದವಾಖಾನೆಗೆ ಕರೆಸಿದೆ. ಕರೆಂಟಿನ ಭರವಸೆ ಇಲ್ಲದ ಕಾಲ, ನಮ್ಮದು ಕನ್ನಡಿಯಿಂದ ಬಿಸಿಲು ಹಿಡಿಯುವ ಹಳೆಯ ಸೂಕ್ಷ್ಮದರ್ಶಕ. ಕಿಟಕಿಯ ಹತ್ತಿರ ಇಟ್ಟು, ಒಂದು ಹನಿ ಗಾಜಿನ ಮೇಲೆ ಹಾಕಿ, ಕನ್ನಡಿ ತಿರುಗಿಸಿ ಮೊದಲು ನಾನೇ ನೋಡಿದೆ.

ಬಂಗಾರದ ಬಣ್ಣದ ತತ್ತಿ. ಒಳಗೆ ಏನೋ ಮಿಸುಕಾಡುತ್ತಿತ್ತು. ಬಿಸಿಲು ತಾಗಿದ್ದೇ ತಡ, ತತ್ತಿಯ ತುದಿಯ ಮುಚ್ಚಳ ಡಬ್ಬಿಯ ಬಾಯಿಯಂತೆ ಟಕ್ಕನೆ ತೆರೆಯಿತು. ಮೈತುಂಬ ನವಿರು ಕೂದಲಿದ್ದ ಮರಿ ಮೈ ಹಿಂಡಿಕೊಂಡು ಹೊರಗೆ ಜಾರಿ, ಒಮ್ಮೆ ಗಿರ್ರನೆ ತಿರುಗಿ, ಬಾಣದಂತೆ ಹೊರಟಿತು. ಅದಕ್ಕೆ ಬಾಯಿಲ್ಲ, ಉಣ್ಣುವುದಿಲ್ಲ. ಒಂದು ದಿನದೊಳಗೆ ತನ್ನ ಬಸವನಹುಳು ಸಿಕ್ಕರೆ ಬದುಕು, ಇಲ್ಲದಿದ್ದರೆ ಇಲ್ಲ. ಪುಸ್ತಕದ ಚಿತ್ರ ನೋಡಿ ಅಂಕ ಗಳಿಸಿದವನು ನಾನು, ಆ ಕ್ಷಣ ಉಸಿರು ಬಿಡುವುದನ್ನೇ ಮರೆತೆ. ಇವತ್ತಿಗೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

"ಬರ್ರಿ ಆಯಿ, ನೋಡ್ರಿ. ನಿಮ್ಮ ಚಿಗರಿ ಕೊಲ್ಲಾವ ಇಂವ."

ಆಯಿ ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ ಬಗ್ಗಿದರು. ಬಹಳ ಹೊತ್ತು ಏಳಲೇ ಇಲ್ಲ.

"ಅಯ್ಯ, ಎಷ್ಟ ಚಂದ ಓಡಾಡತೈತ್ರಿ!" ಅಂದರು. "ಏನೋ ಹುಡುಕಾಕತ್ತೈತಿ, ಪಾಪ. ಏನ ಹುಡುಕತೈತಿ?"

"ಶಂಖದ ಹುಳಾನ್ರಿ."

"ಹೊಕ್ಕ ಮ್ಯಾಲೆ ಶಂಖದ ಹುಳಕ್ಕ ಅರಾಮ ಇರತೈತೇನು?"

"ಎಲ್ಲೀದ್ರಿ. ಒಳಗೆಲ್ಲಾ ತಿಂತೈತಿ. ಅದಕ್ಕೂ ಜಡ್ಡ."

ಆಯಿ ಎದ್ದು ನಿಂತರು. ಮುಖದಲ್ಲಿ ಬೇರೆಯೇ ಏನೋ ಬಂದಿತ್ತು. "ಹಂಗಾದ್ರ ಶಂಖದ ಹುಳಾ ಚಿಗರಿಗೆ ಜಡ್ಡ ಕೊಟ್ಟಿಲ್ಲ. ಎರಡಕ್ಕೂ ಜಡ್ಡ ಬಂದೈತಿ. ದವಾಖಾನ್ಯಾಗ ಜಡ್ಡಿನವರನ್ನ ಏನ ಮಾಡ್ತೀರಿ? ಬ್ಯಾರೆ ಬ್ಯಾರೆ ಖೋಲ್ಯಾಗ ಇಡ್ತೀರಿ. ಯಾರೂ ಮೈಲುತುತ್ತ ಹಾಕಂಗಿಲ್ಲ."

"ಎಲ್ಲಿ ಇಡೂಣ್ರಿ? ಕಾಲಿವಿಗೆ ಬಿಟ್ರ ಅಲ್ಲಿ ದನಾ ಮೇಯ್ತಾವ."

"ನಮ್ಮ ಹಳೇ ಬಾವಿ. ಸುತ್ತ ಕಲ್ಲಿನ ಕಟ್ಟಿ. ಹುಲ್ಲಿಲ್ಲ, ದನಾ ಇಳ್ಯಾಂಗಿಲ್ಲ, ಅದರ ನೀರ ಯಾರೂ ಮುಟ್ಟಾಂಗಿಲ್ಲ. ಅಲ್ಲಿ ಅವ್ರಿಂದ ಯಾರಿಗೂ ತ್ರಾಸಿಲ್ಲ. ಆಗತೈತೋ ಇಲ್ಲೋ, ಅಷ್ಟ ಹೇಳ್ರಿ."

ನಾನು ಕಿಟಕಿಯ ಕಡೆ ನೋಡುತ್ತ ಹುಳದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲಿ ದಾಟಿದೆ. ಬಾವಿಯಲ್ಲಿ ಸಗಣಿ ಬೀಳುವುದಿಲ್ಲ, ಹೊಸ ತತ್ತಿ ಇಲ್ಲ. ಬಸವನಹುಳುವಿನಿಂದ ಹೊರಬಂದವಕ್ಕೆ ಹುಲ್ಲಿಲ್ಲ, ಮೆಲ್ಲುವ ಬಾಯಿಲ್ಲ. ಎಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ.

"ಆಗತೈತ್ರಿ," ಅಂದೆ.

ಸಾಹೇಬರಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಕಿವಿ ಒಡೆಯುವ ನಗೆ. "ಅಲ್ಲೋ, ಸರ್ಕಾರದಾಗ ನಮ್ಮನ್ನ ಅಷ್ಟ ವರ್ಗಾವಣಿ ಮಾಡ್ತಾರಂತ ತಿಳದಿದ್ದೆ, ಶಂಖದ ಹುಳಕ್ಕೂ ಬಂತೇನು! ಮಾಡು. ಲಗೂನ ಮಾಡು." ಬೈದು ಬೆಳೆಸಿದ ಮನುಷ್ಯ, ಆದರೆ ತನಗಿಂತ ಒಳ್ಳೆಯ ದಾರಿ ಕಂಡರೆ ತಕ್ಷಣ ಬದಿಗೆ ಸರಿದು ನಿಲ್ಲುತ್ತಿದ್ದರು. ನಿಮಗೂ ಅಂಥ ಮೇಲಧಿಕಾರಿ ಸಿಗಲಿ.

ಕೆಲಸ ಸುಲಭದ್ದಲ್ಲ. ಮೊದಲು ತೆಗ್ಗಿನ ನೀರನ್ನು ಬಕೆಟಿನಲ್ಲಿ ಎತ್ತಿ ಬಟ್ಟೆಯಲ್ಲಿ ಸೋಸಿದರು. ಆಯಿಯ ಮನೆಯ ಹೆಂಗಸರು, ಪ್ಲಾಟಿನ ಮನೆಗಳ ಹೆಂಗಸರು, ದ್ರಾಕ್ಷಿ ತೋಟದ ಆಳುಗಳು. ಕೆಸರಿನೊಳಗೆ ಅಡಗಿದವು ಕೈಗೆ ಸಿಗಲಿಲ್ಲ. ಹಸಿ ಗೋಣಿಚೀಲ ಹಾಸಿ ಬಿಟ್ಟರೆ ಬಿಸಿಲೇರುವಾಗ ನೆರಳು ಹುಡುಕಿ ಅದರ ಅಡಿಗೆ ಬಂದು ಅಂಟುತ್ತಿದ್ದವು. ಬಿಡಿಸಿ ಕೊಡಕ್ಕೆ ಹಾಕಬೇಕು, ಮತ್ತೆ ಹಾಸಬೇಕು. ಚಿಪ್ಪು ತೆಳು, ಒತ್ತಿದರೆ ಒಡೆಯುತ್ತದೆ. ಮಲಿಕ್ ಮೊಣಕಾಲ ತನಕ ಕೆಸರಲ್ಲಿ ನಿಂತು, "ಆಯಿ, ನನ್ನ ಹೆಂಡ್ತಿ ತತ್ತೀನೂ ಇಷ್ಟ ನಾಜೂಕ ಹಿಡಿಯಂಗಿಲ್ರಿ" ಎಂದು ಗೊಣಗುತ್ತ ಒಂದೊಂದನ್ನೂ ಎರಡು ಬೆರಳಲ್ಲಿ ಎತ್ತುತ್ತಿದ್ದ. ಎಲ್ಲರೂ ನಗುತ್ತಿದ್ದರು, ಆಯಿ ನಗಲಿಲ್ಲ. ಒಂದು ಒಡೆದರೂ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು. ಕೊಡಗಳು ಗಾಡಿಯಲ್ಲಿ ಬಾವಿಗೆ ಹೋಗುವಾಗ ಬಿಸಿಲು ತಾಗಬಾರದೆಂದು ತಮ್ಮ ಸೆರಗನ್ನೇ ಅವುಗಳ ಮೇಲೆ ಹಿಡಿದಿದ್ದರು. ಒಂದೂ ಸಿಗದ ದಿನ ಬಂದ ಮೇಲೆ ಅಣ್ಣಾಸಾಬ ಟ್ರ್ಯಾಕ್ಟರಿನಲ್ಲಿ ಗರಸು ತಂದು ತೆಗ್ಗು ಮುಚ್ಚಿಸಿದ, ದೋಣಿಯನ್ನು ಕಲ್ಲಿನ ಕಟ್ಟೆಯ ಮೇಲೆ ಎತ್ತಿ ಕೂರಿಸಿದ. ಅಂದಿನಿಂದ ಸೋಸಿ ಉಳಿದದ್ದು ನೀರು ತುಂಬಿದ ಚರಿಗೆಯಲ್ಲಿ ಕಾದಿದ್ದು, ಮರುದಿನದ ಗಾಡಿಯಲ್ಲಿ ಕಾಲುವೆಗೇ ವಾಪಸು ಹೋಗತೊಡಗಿತು. ಅವಕ್ಕೆ ಮಡ್ಡಿಯ ಜಡ್ಡು ಇನ್ನೂ ತಾಗಿರಲಿಲ್ಲ.

ಉಳಿದದ್ದು ಚಿಗರಿಯ ಹೊಟ್ಟೆಯೊಳಗಿನ ಹುಳು. ಔಷಧಿಯನ್ನು ಬೂಸಾ, ಬೆಲ್ಲ, ಉಪ್ಪಿನಲ್ಲಿ ಕಲಸಿ ದೋಣಿಯ ಹತ್ತಿರ ಇಡುವುದೆಂದು ಗಾರ್ಡ್‌ನ ಮೇಲಿನವರನ್ನೂ ಕೇಳಿ ಒಪ್ಪಿಗೆ ಪಡೆದೆ. ಕಲಸುವಾಗ ಮಲಿಕ್ ಸುಮ್ಮನಿರಬೇಕೇ?

"ಆಯಿ, ಈ ಹುಳಾನೂ ಜೀವಾನ ಅಲ್ಲೇನ್ರಿ? ಇದಕ್ಕೇನ ಮಾಡೂಣು?"

ನಾನು ಅವನ ಕಾಲು ತುಳಿದೆ. ಆಯಿ ಸಿಟ್ಟಾಗಲಿಲ್ಲ.

"ಗೊತ್ತೈತಪಾ. ಇದನ್ನ ಬಿಟ್ರ ಚಿಗರಿ ಉಳಿಯಂಗಿಲ್ಲ. ಹಾಕ್ರಿ ಅಂತಾನೂ, ಹಾಕಬ್ಯಾಡ್ರಿ ಅಂತಾನೂ ನಾ ಹೇಳಂಗಿಲ್ಲ. ಕೈಲಾಗದ್ದಕ್ಕ ಬಸದ್ಯಾಗ ಕುಂತ ಕ್ಷಮಾ ಬೇಡ್ತೀನಿ. ಹಂಗಂತ ಕೈಲಾಗೂದನ್ನ ಯಾಕ ಬಿಡ್ಲಿ?"

ಆಕೆ ಬಸದಿಯ ಕಡೆ ನಡೆದುಹೋದರು. ಎಷ್ಟೋ ಧರ್ಮದ ಮಾತು ಕೇಳಿದ್ದೇನೆ, ಓದಿದ್ದೇನೆ. ಇಷ್ಟು ನೆಟ್ಟಗೆ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ಮೊದಲು ಯಾವ ಚಿಗರಿಯೂ ಹತ್ತಿರ ಬರಲಿಲ್ಲ. ಆಮೇಲೆ ಹಿಂಡಿನ ದೊಡ್ಡ ಗಂಡು, ಮಸಿಯಂಥ ಬೆನ್ನಿನದು, ತಿರುಪು ಕೊಂಬನ್ನು ಹಿಂದಕ್ಕೆ ಚಾಚಿ ಒಂದೊಂದೇ ಹೆಜ್ಜೆ ಇಟ್ಟು ಬಂತು, ಮೂಸಿತು, ಸೀನಿತು, ಬಾಯಿ ಹಾಕಿತು. ಜಾಲಿಯ ಹಿಂದೆ ಕುಳಿತಿದ್ದ ನಾನೂ ಮಲಿಕನೂ ಕೈ ಕೈ ಹಿಡಿದುಕೊಂಡಿದ್ದೆವು. ಅದರ ಹಿಂದೆ ಹೆಣ್ಣುಗಳೂ ಬಂದವು. ಕೆಲವು ಉಳಿಯಲಿಲ್ಲ, ತಡವಾಗಿತ್ತು. ಉಳಿದವುಗಳ ದವಡೆಯ ಬಾವು ನಿಧಾನಕ್ಕೆ ಇಳಿಯಿತು, ರೋಮಕ್ಕೆ ಹೊಳಪು ಬಂತು. ಒಂದು ದಿನ ಪ್ಲಾಟಿನ ಮನೆಯಲ್ಲಿ ಯಾರೋ ಕಂಬಳಿ ಝಾಡಿಸಿದರು, ಇಡೀ ಹಿಂಡು ಒಮ್ಮೆಲೇ ನೆಲ ಬಿಟ್ಟು ನೆಗೆಯಿತು. ಮಲಿಕ್ ಸೀಟಿ ಹೊಡೆದ. ನನಗೆ ಕಣ್ಣು ಮಂಜಾಯಿತು.

ಮುಂದೆ ಒಂದು ಮಳೆಗಾಲ ಮುಗಿದ ಮೇಲೆ, ಮಿರಜ ರಸ್ತೆಯಲ್ಲಿ ಲಾರಿಗೆ ಸಿಕ್ಕು ಒಂದು ಎಳೆ ಗಂಡು ಚಿಗರಿ ಸತ್ತಿತು. ಗಾರ್ಡ್ ಕರೆದ. ಹೋದೆ, ಕೊಯ್ದೆ. ಲಿವರ್ ಕಡುಗೆಂಪಗೆ, ಮೆತ್ತಗೆ, ಅಂಚು ಚೂಪಾಗಿ ಇತ್ತು. ನಾಳಗಳನ್ನೆಲ್ಲ ಸೀಳಿ ನೋಡಿದೆ. ಒಂದೇ ಒಂದು ಹುಳ ಇಲ್ಲ. ಕೈ ತೊಳೆದುಕೊಂಡವನೇ ಮಲಿಕನನ್ನು ಫಟಫಟಿಯ ಹಿಂದೆ ಕೂರಿಸಿಕೊಂಡು ಆಯಿಯ ಮನೆಗೆ ಹಾರಿದೆ. ಸತ್ತ ಚಿಗರಿಯ ಸುದ್ದಿಯನ್ನು ಅಷ್ಟು ಖುಷಿಯಿಂದ ಒಯ್ದವನು ಲೋಕದಲ್ಲಿ ನಾನೊಬ್ಬನೇ ಇರಬೇಕು.

ಆಯಿ ಎಲ್ಲ ಕೇಳಿದರು. ಲಾರಿಗೆ ಸಿಕ್ಕ ಜೀವಕ್ಕೆ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ, "ಛಲೋ ಆತ್ರಿ ಡಾಕ್ಟ್ರ, ನಿಮ್ಮ ಕೈಗುಣಾ ದೊಡ್ಡದು" ಅಂದರು. ನನಗೆ ಎದೆ ಉಬ್ಬಿತು. ಇನ್ನೇನು ಹೊರಡಬೇಕು, ಅವರು ಹೊಸ್ತಿಲ ತನಕ ಬಂದು ಕೇಳಿದರು:

"ಬಾವ್ಯಾಗಿನವು ಹೆಂಗ ಅದಾವ್ರಿ?"

ನಾನು ಅವನ್ನು ಬಿಟ್ಟ ದಿನದಿಂದ ಆ ಕಡೆ ತಲೆ ಹಾಕಿರಲಿಲ್ಲ. ಹಾಕಬೇಕೆಂದು ಹೊಳೆದೂ ಇರಲಿಲ್ಲ.

"ನನ್ನ ಮೊಣಕಾಲಿಗೆ ಆ ಪಾವಟಗಿ ಇಳ್ಯಾಕ ಆಗಂಗಿಲ್ಲ, ಇಲ್ಲಂದ್ರ ನಾನ ನೋಡ್ತಿದ್ದೆ," ಅಂದರು. "ಅವೂ ನಿಮ್ಮ ಪೇಶಂಟ್ ಅಲ್ಲೇನ್ರಿ?"

ಸರ್ಕಾರ ನನಗೆ ಕೊಟ್ಟ ಕೆಲಸದಲ್ಲಿ ಬಸವನಹುಳುವಿನ ಆರೋಗ್ಯ ಎಲ್ಲೂ ಬರೆದಿರಲಿಲ್ಲ. ಆದರೂ ಹೋದೆ. ಚಪ್ಪಲಿ ಮೇಲೆ ಬಿಟ್ಟು, ಪಾಚಿ ಹಿಡಿದ ಮೆಟ್ಟಿಲುಗಳನ್ನು ಕೂತು ಕೂತು ಇಳಿದೆ. ನೀರಿನ ಮಟ್ಟಕ್ಕೆ ಬಂದು ಅಂಗಾಲಿನ ಮೇಲೆ ಕುಳಿತೆ. ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ, ನೀರಿನಡಿಯ ಕಲ್ಲಿನ ಮೇಲೆ ಸಣ್ಣ ಸಣ್ಣ ಚಿಪ್ಪುಗಳು ಮೆಲ್ಲಗೆ ಸರಿದಾಡುತ್ತಿರುವುದು ಕಂಡಿತು. ದೊಡ್ಡವು ಇದ್ದವು, ಸಾಸಿವೆಯಷ್ಟು ಮರಿಗಳೂ ಇದ್ದವು. ಅವುಗಳಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ, ಯಾರಿಂದಲೂ ಅವಕ್ಕೆ ಏನೂ ಆಗುತ್ತಿರಲಿಲ್ಲ. ಎಷ್ಟು ಹೊತ್ತು ನೋಡುತ್ತ ಕುಳಿತೆನೋ ತಿಳಿಯದು.

ಮೇಲಿನಿಂದ ಮಲಿಕ್ ಬಗ್ಗಿ ಕೂಗಿದ. "ಏನಾತ್ರಿ ಸಾಹೇಬ್ರ, ಬಿದ್ರೇನು? ಅದಾವೇನ್ರಿ?"

"ಅದಾವೋ!" ಅಂದೆ. ನನ್ನ ದನಿ ಬಾವಿಯೆಲ್ಲ ತುಂಬಿಕೊಂಡಿತು. "ಹೋಗು, ಆಯಿಗೆ ಹೇಳು. ಮಕ್ಕಳು ಮರಿ ಎಲ್ಲಾ ಅರಾಮ ಅದಾವಂತ ಹೇಳು."